ಹಳೇ ಲೇಸರ್ ಹಾಯಿದೋಣಿ ಕೊಳ್ಳಬಹುದಾ? ನನ್ನ ತೂಕ 64 ಕೆಜಿ

ಬೆಣ್ಣೆದೋಸೆ_ಟೊರೊಂಟೊ:

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ. ನೀರು ಅಂದ್ರೆ ನನಗೆ ಗೊತ್ತಿದ್ದದ್ದು ಭದ್ರಾ ಕಾಲುವೆ ಅಷ್ಟೆ. ಕಳೆದ ಬೇಸಿಗೆಯಲ್ಲಿ ಇಲ್ಲಿನ ಔಟರ್ ಹಾರ್ಬರಿನಲ್ಲಿ ಐದು ವಾರಾಂತ್ಯ ಹಾಯಿ ನಡೆಸೋದು ಕಲಿತೆ. ಅವತ್ತಿಂದ ಬೇರೆ ಯಾವುದರಲ್ಲೂ ಮನಸ್ಸಿಲ್ಲ.

ಈಗ ಒಂದು ಲೇಸರ್ ಮಾರಾಟಕ್ಕಿದೆ. 1980ರ ದಶಕದ್ದು, ದೊಡ್ಡ ಹಾಯಿ ಜೊತೆಗೆ 900 ಡಾಲರ್. ಫೈಬರ್ ಮೈ ಹೊಳಪು ಕಳಕೊಂಡಿದೆ, ಬಿರುಕು ಕಾಣಲಿಲ್ಲ. ಕಾಕ್‌ಪಿಟ್ಟಿನ ಬಲಗಡೆ ಡೆಕ್ ಒತ್ತಿದರೆ ಸ್ವಲ್ಪ ಮೆತ್ತಗಿದೆ. ಅದೇ ಬೆಲೆಗೆ ಇನ್ನೊಬ್ಬರ ಹತ್ತಿರ ಒಂದು ಸನ್‌ಫಿಶ್ ಇದೆ. ನಾನು 64 ಕೆಜಿ, ಹೆಚ್ಚಾಗಿ ಒಬ್ಬನೇ ಹೋಗೋದು. ಯಾವುದು ತಗೊಳ್ಳಲಿ? ಲೇಸರ್ ಬಹಳ ಮಗುಚುತ್ತೆ ಅಂತಾರೆ, ನಿಜವಾ?

ಕುಮಟಾ_ಕಡಲು:

ನಾನು ಕುಮಟೆಯವಳು. ನನಗೆ ಬುದ್ಧಿ ಬರುವ ಹೊತ್ತಿಗೆ ನಮ್ಮೂರ ನಾಡದೋಣಿಗಳು ಮರದಿಂದ ಫೈಬರಿಗೆ, ಹಾಯಿಯಿಂದ ಇಂಜಿನ್ನಿಗೆ ಹೋಗಿ ಆಗಿತ್ತು. ಅಜ್ಜ ಕೂವೆ, ಹಾಯಿ ಅಂತ ಹೇಳುತ್ತಿದ್ದುದನ್ನು ಕೇಳಿದ್ದೆ, ಕೈಯಲ್ಲಿ ಹಿಡಿದದ್ದು ಮಾತ್ರ ಇಲ್ಲಿ ಒಂಟಾರಿಯೊ ಸರೋವರದಲ್ಲಿ, 34ನೇ ವಯಸ್ಸಿಗೆ. ಹನ್ನೊಂದು ವರ್ಷದಿಂದ ಒಂದೇ ಲೇಸರ್ ನನ್ನ ಹತ್ತಿರ ಇದೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಸನ್‌ಫಿಶ್ ಒಳ್ಳೆಯ ದೋಣಿ. ತ್ರಿಕೋನದ ಲ್ಯಾಟೀನ್ ಹಾಯಿ, ಸಮಾಧಾನದ ಸ್ವಭಾವ, ಮಕ್ಕಳನ್ನು ಕೂರಿಸಿಕೊಂಡು ದಡದ ಆಸುಪಾಸಿನಲ್ಲಿ ಸುತ್ತಲಿಕ್ಕೆ ಅದೇ ಸರಿ. ಆದರೆ ಗಾಳಿಗೆ ಎದುರಾಗಿ ಏರುವಾಗ ಲೇಸರ್ ಬೇರೆಯೇ ಜಾತಿ. ಬೇರೆ ಯಾವುದರಲ್ಲೂ ಮನಸ್ಸಿಲ್ಲ ಅಂತ ನೀವೇ ಬರೆದಿದ್ದೀರಿ, ನಿಮಗೆ ಲೇಸರೇ ಬೇಕು.

ಈ ದೋಣಿಯ ಗುಣ ಅರ್ಥ ಆಗಬೇಕಾದರೆ ಅದು ಹುಟ್ಟಿದ ರೀತಿ ಗೊತ್ತಿರಬೇಕು. 1969ರಲ್ಲಿ ಇಯಾನ್ ಬ್ರೂಸ್ ಎನ್ನುವವರು ದೋಣಿ ವಿನ್ಯಾಸ ಮಾಡುವ ಬ್ರೂಸ್ ಕರ್ಬಿಗೆ ಫೋನ್ ಮಾಡಿ, ಕಾರಿನ ಮೇಲೆ ಕಟ್ಟಿಕೊಂಡು ಹೋಗುವಂಥ ಒಂದು ದೋಣಿ ಬೇಕು ಅಂದರು. ಕರ್ಬಿ ಒಟ್ಟಾವದಲ್ಲಿ ಹುಟ್ಟಿದವರು. ಮಾತಾಡುತ್ತಾ ಮಾತಾಡುತ್ತಾ ಕಾಗದದ ಮೇಲೆ ಗೀಚಿದ ಚಿತ್ರವೇ ಮುಂದೆ ಲೇಸರ್ ಆಯಿತು. 1971ರಲ್ಲಿ ನ್ಯೂಯಾರ್ಕ್ ಬೋಟ್ ಶೋದಲ್ಲಿ ಜನರ ಮುಂದೆ ಬಂತು. ಮೊದಲು ತಯಾರಾಗುತ್ತಿದ್ದದ್ದು ಕ್ವಿಬೆಕ್‌ನ ಪಾಯಿಂಟ್ ಕ್ಲೇರ್‌ನಲ್ಲಿ, ನಮಗೆ ಒಂದು ದಿನದ ದಾರಿ.

ಕಾರಿನ ಮೇಲೆ ಹೋಗಬೇಕು ಅನ್ನುವ ಆ ಒಂದು ಮಾತಿನಿಂದಲೇ ಉಳಿದದ್ದೆಲ್ಲ ಬಂದಿದೆ. ಉದ್ದ 4.23 ಮೀಟರ್, ಬರಿಯ ಮೈ 59 ಕೆಜಿ. ಮಾಸ್ಟ್, ಅಂದರೆ ಹಾಯಿ ಕಟ್ಟುವ ಕಂಬ, ಎರಡು ತುಂಡು, ಒಂದರೊಳಗೆ ಒಂದು ಸೇರುತ್ತದೆ. ಅದನ್ನು ಎಳೆದು ಹಿಡಿಯಲಿಕ್ಕೆ ಒಂದು ತಂತಿಯೂ ಇಲ್ಲ, ಡೆಕ್ಕಿನ ಗುಳಿಯಲ್ಲಿ ಊರಿದರೆ ಮುಗಿಯಿತು. ಹಾಯಿಗೆ ತೋಳಿನ ಹಾಗೆ ಒಂದು ಚೀಲ ಹೊಲಿದಿರುತ್ತಾರೆ, ಅದನ್ನು ಮಾಸ್ಟಿಗೆ ತೊಡಿಸುವುದು. ಕಾರಿನಿಂದ ಇಳಿಸಿ ನೀರಿಗೆ ಬಿಡಲಿಕ್ಕೆ ನನಗೆ ಇಪ್ಪತ್ತು ನಿಮಿಷ ಸಾಕು.

ತಂತಿ ಇಲ್ಲದ ಮಾಸ್ಟ್ ಬಾಗುತ್ತದೆ, ಬಾಗಬೇಕು. ಗಾಳಿ ಹೆಚ್ಚಾದಾಗ ಬೂಮನ್ನು, ಅಂದರೆ ಹಾಯಿಯ ಬುಡದ ಅಡ್ಡಗೋಲನ್ನು, ಕೆಳಕ್ಕೆಳೆಯುವ ವ್ಯಾಂಗ್ ಹಗ್ಗವನ್ನು ಬಿಗಿ ಮಾಡಿದರೆ ಮಾಸ್ಟ್ ಬಿಲ್ಲಿನ ಹಾಗೆ ಬಾಗಿ ಹಾಯಿಯ ಹೊಟ್ಟೆ ಚಪ್ಪಟೆಯಾಗುತ್ತದೆ. ಹಾಯಿಯ ಮುಂದಿನ ಅಂಚನ್ನು ಕೆಳಕ್ಕೆ ಬಿಗಿಯುವ ಕನಿಂಗ್‌ಹ್ಯಾಮ್ ಹಗ್ಗ ಎಳೆದರೆ ಹೊಟ್ಟೆ ಮುಂದಕ್ಕೆ ಸರಿಯುತ್ತದೆ. ಈ ಎರಡು ಹಗ್ಗ ಕಲಿಯಿರಿ. ನಾನು ಮೊದಲ ವರ್ಷ ಪೂರ್ತಿ ಅವನ್ನು ಮುಟ್ಟದೆ ಬರೀ ತೋಳಿನ ಬಲದಲ್ಲಿ ಹೋರಾಡಿದೆ, ಸಂಜೆ ಟೀ ಲೋಟ ಹಿಡಿದರೆ ಕೈ ನಡುಗುತ್ತಿತ್ತು.

ಇನ್ನು ನಿಮ್ಮ 64 ಕೆಜಿ. ಮುಖ್ಯ ವಿಷಯ ಇದು. ಈ ದೋಣಿಗೆ ತಳದಲ್ಲಿ ಭಾರದ ಕೀಲ್ ಇಲ್ಲ, ಭಾರ ಅಂದರೆ ನೀವೇ. ಪಟ್ಟಿಗೆ ಪಾದ ಸಿಕ್ಕಿಸಿ, ಬೆನ್ನನ್ನು ನೀರಿನ ಮೇಲೆ ಚಾಚಿ ದೋಣಿಯನ್ನು ಮಟ್ಟಸ ಇಡಬೇಕು. ವಾಲಿತೋ, ಮೂತಿ ತಾನಾಗಿ ಗಾಳಿಯ ಕಡೆ ತಿರುಗುತ್ತದೆ, ನೀವು ಚುಕ್ಕಾಣಿಯ ಹಿಡಿಕೋಲಾದ ಟಿಲ್ಲರ್ ಎಳೆದು ತಡೆಯುತ್ತೀರಿ, ಆಗ ಚುಕ್ಕಾಣಿಯೇ ಬ್ರೇಕ್ ಆಗುತ್ತದೆ. ದೊಡ್ಡ ಹಾಯಿ 7.06 ಚದರ ಮೀಟರ್, ಎಂಬತ್ತು ಕೆಜಿಯ ಆಳುಗಳಿಗೆ ಹೊಂದುವಂಥದ್ದು. ನಾನು 57 ಕೆಜಿ ಇದ್ದುಕೊಂಡು ಅದರಲ್ಲಿ ಎರಡು ಬೇಸಿಗೆ ಕಳೆದೆ. 12 ನಾಟ್ (ಗಂಟೆಗೆ ಸುಮಾರು 22 ಕಿಮೀ) ಗಾಳಿ ದಾಟಿದ ಕೂಡಲೇ ದಡಕ್ಕೆ ಬರುತ್ತಿದ್ದೆ. ಆಮೇಲೆ ರೇಡಿಯಲ್ ಹಾಯಿ, ಅದರ ಕೆಳಗಿನ ಮಾಸ್ಟ್ ತುಂಡು ತಂದೆ. ಅದು 5.76 ಚದರ ಮೀಟರ್. ದೋಣಿ ಅದೇ, ಬೂಮ್ ಅದೇ, ಮೇಲಿನ ತುಂಡೂ ಅದೇ. ಈಗ ಲೇಸರ್ ದೋಣಿಗಳ ಅಂತರರಾಷ್ಟ್ರೀಯ ಸಂಘದ ಹೆಸರಿನಲ್ಲಿ ಐಎಲ್‌ಸಿಎ 6 ಅಂತ ಕರೆಯುವುದು ಇದನ್ನೇ. ನೀವು ಇದನ್ನು ಮೊದಲ ದಿನದಿಂದಲೇ ಹಾಕಿ, 900ರ ಜೊತೆ ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ನೀರಿಗೆ ತಾಗುವ ಉದ್ದ 3.81 ಮೀಟರ್. ಆ ಲೆಕ್ಕಕ್ಕೆ ದೋಣಿ ನೀರನ್ನು ಸೀಳಿಕೊಂಡು ಹೋಗುವ ವೇಗ ಐದು ನಾಟ್‌ಗಿಂತ ಕಡಿಮೆ. ಆದರೆ ಗಾಳಿ ಪಕ್ಕೆಗೆ ಬಂದು ಒಂದು ಬೀಸು ಹೊಡೆದಾಗ ಹಿಂದೆ ಸರಿದು ಕೂತು ನೋಡಿ. ಮೂತಿ ಮೇಲೇಳುತ್ತದೆ, ಟಿಲ್ಲರ್ ಅಂಗೈಯಲ್ಲಿ ಗುಂಯ್ ಅನ್ನಲಿಕ್ಕೆ ಶುರು ಮಾಡುತ್ತದೆ, ಬೆನ್ನ ಹಿಂದೆ ಕಲಕಿದ ನೀರು ಇದ್ದಕ್ಕಿದ್ದಂತೆ ನಯವಾಗುತ್ತದೆ. ದೋಣಿ ನೀರಿನ ಮೇಲೆ ಜಾರುತ್ತಿದೆ ಅಂತ ಅರ್ಥ. ನನಗೆ ಅದು ಮೊದಲ ಸಲ ಆದಾಗ ಅತ್ತುಬಿಟ್ಟೆ.

ಮಗುಚುವುದು ನಿಜ, ಹೆಚ್ಚಾಗಿ ಗಾಳಿ ಬೆನ್ನಿಗಿದ್ದಾಗ. ತಂತಿ ಇಲ್ಲದ್ದರಿಂದ ಬೂಮ್ ತೊಂಬತ್ತು ಡಿಗ್ರಿಗಿಂತ ಆಚೆಗೂ ಹೋಗುತ್ತದೆ, ದೋಣಿ ಎಡಬಲ ಹೊಯ್ದಾಡಿ ಗಾಳಿ ಬರುವ ಕಡೆಗೇ ಮಗುಚುತ್ತದೆ. ಶೀಟನ್ನು, ಅಂದರೆ ಹಾಯಿ ಹಿಡಿಯುವ ಹಗ್ಗವನ್ನು, ಸ್ವಲ್ಪ ಒಳಗೆಳೆದುಕೊಳ್ಳಿ, ವ್ಯಾಂಗ್ ಪೂರ್ತಿ ಸಡಿಲ ಬಿಡಬೇಡಿ. ಜೈಬ್ ಮಾಡುವಾಗ, ಅಂದರೆ ಗಾಳಿ ಬೆನ್ನಿಗಿದ್ದಾಗ ಹಾಯಿಯನ್ನು ಆಚೆ ಬದಿಗೆ ದಾಟಿಸುವಾಗ, ಶೀಟ್ ಹಿಂದಿನ ಮೂಲೆಗೆ ಸಿಕ್ಕಿಕೊಳ್ಳುವುದು ಈ ದೋಣಿಯ ಹುಟ್ಟುಗುಣ. ಬೂಮ್ ದಾಟುವ ಕ್ಷಣಕ್ಕೆ ಶೀಟನ್ನು ಒಮ್ಮೆ ಜಗ್ಗಿ ಎತ್ತಬೇಕು. ಮೇ ತಿಂಗಳ ಒಂದು ಬೆಳಿಗ್ಗೆ ಹೀಗೇ ಸಿಕ್ಕಿಕೊಂಡು ಬಿದ್ದೆ. ಬಿಸಿಲು ಚೆನ್ನಾಗಿತ್ತು ಅಂತ ವೆಟ್‌ಸೂಟ್ ಹಾಕಿರಲಿಲ್ಲ. ತಳದಿಂದ ನೀರಿಗಿಳಿಯುವ ಹಲಗೆಯಾದ ಡ್ಯಾಗರ್‌ಬೋರ್ಡಿನ ಮೇಲೆ ನಿಂತು ದೋಣಿಯನ್ನು ಎರಡು ನಿಮಿಷದಲ್ಲಿ ಎತ್ತಿದೆ, ಆದರೆ ಬೆರಳು ಮರಗಟ್ಟಿ ಬಿಚ್ಚಿಹೋದ ಗಂಟನ್ನು ಮತ್ತೆ ಹಾಕಲಿಕ್ಕೆ ಆಗಲೇ ಇಲ್ಲ. ಇಲ್ಲಿ ಬಟ್ಟೆ ಹಾಕುವುದು ನೀರನ್ನು ನೋಡಿ, ಬಿಸಿಲನ್ನು ನೋಡಿ ಅಲ್ಲ. ಡ್ಯಾಗರ್‌ಬೋರ್ಡಿಗೆ ಹಗ್ಗ ಕಟ್ಟಿರಲೇಬೇಕು. ಅದು ಜಾರಿ ಹೋದರೆ ಹತ್ತಿ ನಿಲ್ಲಲಿಕ್ಕೆ ಏನೂ ಇರುವುದಿಲ್ಲ.

ದುಡ್ಡು ಕೊಡುವ ಮೊದಲು ಒಂದು ಚೊಂಬು ನೀರು ತೆಗೆದುಕೊಂಡು ಹೋಗಿ. ಮಾಸ್ಟ್ ಊರುವ ಗುಳಿಗೆ ತುಂಬಿ, ಪೆನ್ಸಿಲಿನಲ್ಲಿ ಗುರುತು ಹಾಕಿ ಕಾಯಿರಿ. ಮಟ್ಟ ಇಳಿದರೆ ತಳ ಸವೆದಿದೆ ಅಂತ. ಮರಳು ಸೇರಿ, ಮಾಸ್ಟ್ ತಿರುಗಿ ತಿರುಗಿ ಅರೆದಿರುತ್ತದೆ. ಸೋರಿದ ನೀರು ಮೈಯೊಳಗೆ ಹೋಗುತ್ತದೆ. ಅದನ್ನು ಬಿಟ್ಟು ಓಡಿಸಿದರೆ ಒಂದು ದಿನ ಬಿರುಗಾಳಿಯಲ್ಲಿ ಮಾಸ್ಟ್ ಡೆಕ್ಕನ್ನೇ ಕಿತ್ತುಕೊಂಡು ಬೀಳುತ್ತದೆ. ಎರಡು ಬಾತ್‌ರೂಮ್ ತಕ್ಕಡಿ ಇಟ್ಟು ಮೈ ತೂಗಿ ನೋಡಿ. 65 ದಾಟಿದರೆ ಒಳಗೆ ಒದ್ದೆ ಇರಬಹುದು. ಮೇಲಿನ ಮಾಸ್ಟ್ ತುಂಡಿನ ಕಾಲರ್ ಹತ್ತಿರ ಒಂದು ರಿವೆಟ್ ಇರುತ್ತದೆ, ಮುರಿಯುವುದು ಅಲ್ಲೇ. ಬಿಳಿ ಪುಡಿ ಕಂಡರೆ ಅಲ್ಯೂಮಿನಿಯಂ ತಿಂದುಹೋಗಿದೆ. ಡೆಕ್ ಮೆತ್ತಗಿರುವುದಕ್ಕೆ ನಾನು ಅಷ್ಟು ಹೆದರುವುದಿಲ್ಲ. ಎರಡು ಫೈಬರ್ ಪದರದ ನಡುವಿನ ಫೋಮ್ ಬಿಟ್ಟುಕೊಂಡಿರುತ್ತದೆ, ಅಂಗೈ ಅಗಲ ಇದ್ದರೆ ಹಾಗೇ ನಡೆಯುತ್ತದೆ.

ಹಲಸೂರು_ಅಮ್ಮ:

ಬೆಂಗಳೂರಿಂದ ಬರೀತಿದ್ದೀನಿ. ಹಲಸೂರು ಕೆರೆಯಲ್ಲಿ ಸೇನೆಯವರ ಹಾಯಿ ಅಭ್ಯಾಸ ನೋಡಿ ನನ್ನ ಮಗಳಿಗೆ ಹುಚ್ಚು ಹಿಡಿದದ್ದು. ಆಪ್ಟಿಮಿಸ್ಟ್ ಅನ್ನೋ ಮಕ್ಕಳ ದೋಣಿಯಲ್ಲಿ ಶುರು ಮಾಡಿದಳು, ಈಗ ಇದೇ ಲೇಸರಿಗೆ 4.7 ಚದರ ಮೀಟರಿನ ಚಿಕ್ಕ ಹಾಯಿ, ಅಂದ್ರೆ ಐಎಲ್‌ಸಿಎ 4. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನೇಹಾ ಠಾಕೂರ್ ಬೆಳ್ಳಿ ಗೆದ್ದದ್ದು ಇದರಲ್ಲೇ, ವಿಷ್ಣು ಸರವಣನ್ ಕಂಚು ಗೆದ್ದದ್ದು ದೊಡ್ಡ ಹಾಯಿಯಲ್ಲಿ. ಚಿಕ್ಕ ಹಾಯಿ ಅಂದ್ರೆ ಮಕ್ಕಳದ್ದು, ಕಮ್ಮಿ ಅಂತ ಯಾರಾದರೂ ಅಂದರೆ ಕಿವಿಗೆ ಹಾಕ್ಕೋಬೇಡಿ. ಮೇಲಿನವರು ಹೇಳಿದ್ದು ಸರಿ, ತೂಕ ನೋಡಿ ಹಾಯಿ ಆರಿಸಿ.

ಬೆಣ್ಣೆದೋಸೆ_ಟೊರೊಂಟೊ:

ನಿನ್ನೆ ನೀರು ತಗೊಂಡೇ ಹೋಗಿದ್ದೆ. ಹತ್ತು ನಿಮಿಷಕ್ಕೆ ಒಂದು ಬೆರಳು ಇಳೀತು. ತೂಕ 63. ರಿವೆಟ್ ಹತ್ತಿರ ಏನೂ ಕಾಣಲಿಲ್ಲ. ಮಾರುವವರಿಗೂ ಈ ಸೋರಿಕೆ ಗೊತ್ತಿರಲಿಲ್ಲ, ಅವರೇ 500ಕ್ಕೆ ಇಳಿಸಿದರು. ರಿಪೇರಿ ನನ್ನ ಕೈಲಾಗುತ್ತಾ?

ಕುಮಟಾ_ಕಡಲು:

ಖಂಡಿತ ಆಗುತ್ತದೆ, ತೆಗೆದುಕೊಳ್ಳಿ. ಮಾಸ್ಟ್ ಗುಳಿಯ ಹಿಂದೆ ಡೆಕ್ಕಿನಲ್ಲಿ ಆರು ಇಂಚಿನ ದುಂಡಗಿನ ರಂಧ್ರ ಕೊರೆದು ಮುಚ್ಚಳ ಇರುವ ಪೋರ್ಟ್ ಕೂರಿಸಿ. ಅದರೊಳಗೆ ಚಿಕ್ಕ ಫ್ಯಾನ್ ತಿರುಗಿಸಿಟ್ಟು ಎರಡು ಮೂರು ವಾರ ಒಣಗಿಸಿ. ಅವಸರ ಮಾಡಿದರೆ ಎಪಾಕ್ಸಿ ಒದ್ದೆ ಫೈಬರಿಗೆ ಹಿಡಿಯುವುದಿಲ್ಲ. ಆಮೇಲೆ ಒಳಗಿನಿಂದ ಕೈ ಹಾಕಿ, ಗುಳಿಯ ಬುಡದ ಸುತ್ತ ಒರಟು ಕಾಗದದಲ್ಲಿ ಉಜ್ಜಿ, ಗಾಜಿನ ಬಟ್ಟೆ ಮತ್ತು ಎಪಾಕ್ಸಿ ಮೂರು ಪದರ ಕೊಡಿ. ಗುಳಿಯ ತಳಕ್ಕೆ ಒಂದು ಟೆಫ್ಲಾನ್ ಬಿಲ್ಲೆ ಹಾಕಿ. ಪ್ರತಿ ಸಲ ಮಾಸ್ಟ್ ಊರುವ ಮೊದಲು ಅದರ ಬುಡ ತೊಳೆಯಿರಿ, ಒಂದು ಕಾಳು ಮರಳೂ ಒಳಗೆ ಹೋಗಬಾರದು.

ನನ್ನ ಹತ್ತಿರ ಅರ್ಧ ಡಬ್ಬ ಎಪಾಕ್ಸಿ ಉಳಿದಿದೆ. ಶನಿವಾರ ಔಟರ್ ಹಾರ್ಬರಿಗೆ ಬರುತ್ತೇನೆ, ಕೈಗವಸು ನೀವು ತನ್ನಿ.