ಸಹಾಯ ಬೇಕು: ತೈಯಾಕಿ ಹಾಡನ್ನು ಕನ್ನಡಕ್ಕೆ ತರುವ ಕುರಿತು

ಮಾನ್ಯರೇ,

1975ರ ಕೊನೆಯಲ್ಲಿ ಜಪಾನಿನಲ್ಲಿ ಬಿಡುಗಡೆಯಾಗಿ 45 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದ, ಶಿಮೊನ್ ಮಸಾತೊ ಅವರು ಹಾಡಿದ ‘ಒಯೊಗೆ! ತೈಯಾಕಿ-ಕುನ್’ ಎಂಬ ಮಕ್ಕಳ ಹಾಡನ್ನು ಅದರ ಧಾಟಿಗೇ ಹೊಂದುವಂತೆ ಕನ್ನಡಕ್ಕೆ ತರಲು ಪ್ರಯತ್ನಿಸುತ್ತಿದ್ದೇನೆ. ತೈಯಾಕಿ ಎಂದರೆ ಮೀನಿನ ಆಕಾರದ ಕಬ್ಬಿಣದ ಅಚ್ಚಿಗೆ ಹಿಟ್ಟು ಹುಯ್ದು, ನಡುವೆ ಅಜುಕಿ ಕಾಳಿನ ಸಿಹಿ ಹೂರಣವಿಟ್ಟು ಬೇಯಿಸುವ ತಿಂಡಿ, ಹೆಸರಿಗಷ್ಟೇ ಮೀನು. ದಿನವೂ ಕಾದ ಕಬ್ಬಿಣದ ಮೇಲೆ ಬೇಯುವುದಕ್ಕೆ ಬೇಸತ್ತ ತೈಯಾಕಿಯೊಂದು ಅಂಗಡಿಯವನೊಡನೆ ಜಗಳವಾಡಿ ಸಮುದ್ರಕ್ಕೆ ಹಾರಿ, ಹೊಟ್ಟೆಯ ಹೂರಣ ಭಾರವಾದರೂ ಹಿಗ್ಗಿನಿಂದ ಈಜಾಡಿ, ಕಡೆಗೆ ಗಾಳಕ್ಕೆ ಸಿಕ್ಕಿ ಗಾಳ ಹಾಕಿದವನ ಬಾಯಿ ಸೇರುತ್ತದೆ.

ಹಾಡಿನ ಮೊದಲಲ್ಲೇ ಎರಡು ಬಾರಿ ಬರುವ ‘ಮೈನಿಚಿ’ಗೆ ‘ದಿನವೂ’ ಎಂಬುದು ಅರ್ಥದಲ್ಲೂ ನಾಲ್ಕು ಮಾತ್ರೆಗಳ ಲೆಕ್ಕದಲ್ಲೂ ಸರಿಯಾಗಿ ಕೂಡುತ್ತದೆ. ‘ಆಂಕೊ’ಗೆ ‘ಹೂರಣ’ವೂ, ನಮ್ಮದು ಬೇಳೆಯದಾದರೂ, ಒಪ್ಪುತ್ತದೆ. ತೊಡಕಿರುವುದು ‘ಕುನ್’ನಲ್ಲಿ. ಹುಡುಗರ ಹೆಸರಿಗೆ ಸಲುಗೆಯಿಂದ ಸೇರಿಸುವ ಈ ಪದಕ್ಕೆ ‘ಪುಟ್ಟ’ ಎಂದರೆ ಮುದ್ದು ಹೆಚ್ಚಾಗುತ್ತದೆ, ‘ಅಣ್ಣ’ ಎಂದರೆ ವಯಸ್ಸು ಹೆಚ್ಚಾಗುತ್ತದೆ. ಕಥೆ ತಮಾಷೆಯದಾದರೂ ರಾಗದಲ್ಲಿ ವಿಷಾದವಿರುವುದರಿಂದ ಬರಿಯ ಶಿಶುಗೀತೆಯ ಕುಣಿತವೂ ಇಲ್ಲಿ ಸಲ್ಲದೆಂಬುದು ನನ್ನ ಅನಿಸಿಕೆ.

ಜಪಾನಿ ಭಾಷೆ ಬಲ್ಲವರು, ವಿಶೇಷವಾಗಿ ಅಲ್ಲಿ ನೆಲೆಸಿರುವ ಕನ್ನಡಿಗರು, ‘ಕುನ್’ಗೆ ತಕ್ಕ ಸಂಬೋಧನೆಯನ್ನು ಸೂಚಿಸಿ, ನನ್ನ ಕರಡನ್ನು ಒಮ್ಮೆ ಮೂಲದೊಡನೆ ಹೋಲಿಸಿ ನೋಡಿಕೊಡಬೇಕಾಗಿ ವಿನಂತಿ.