ಸಹಾಯ ಬೇಕು: ಕಾಲುವೆಯ ಕೊಳೆ ಕೆರೆ ಸೇರದಂತೆ ತಡೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬೆಂಗಳೂರಿನಲ್ಲಿ ಒಂದು ಸಣ್ಣ ಕೆರೆಯ ಪಕ್ಕ ಇದೆ. ಮಳೆ ನೀರಿನ ಕಾಲುವೆ ನೇರವಾಗಿ ಕೆರೆಗೇ ಬಂದು ಸೇರುತ್ತದೆ. ಜೋರಾಗಿ ಒಂದು ಮಳೆ ಬಂದರೆ ಸಾಕು, ರಸ್ತೆ ಮೇಲಿನ ಎಣ್ಣೆ, ಪ್ಲಾಸ್ಟಿಕ್, ಕಟ್ಟಡ ಕೆಲಸದ ಮಣ್ಣು, ಜೊತೆಗೆ ಯಾರೋ ಕದ್ದು ಜೋಡಿಸಿರುವ ಪೈಪುಗಳ ಕಕ್ಕಸು ನೀರು, ಎಲ್ಲವೂ ಒಟ್ಟಿಗೆ ಬಂದು ಬೀಳುತ್ತದೆ. ಕೊಳೆ ಜಾಸ್ತಿಯಾದಾಗ ನೀರಿನಲ್ಲಿ ಆಮ್ಲಜನಕ ಇಳಿದು ಮೀನುಗಳು ಸತ್ತು ತೇಲುತ್ತವೆ. ನೋಡೋಕೆ ಆಗಲ್ಲ.

ಬೆಳ್ಳಂದೂರು ಕೆರೆ ನೊರೆ ಉಕ್ಕಿದ್ದು, 2017 ಮತ್ತು 2018ರಲ್ಲಿ ಬೆಂಕಿ ಹತ್ತಿದ್ದು ನಿಮಗೆಲ್ಲ ನೆನಪಿದೆ ಅಲ್ವಾ? ನಮ್ಮ ಕೆರೆಗೆ ಆ ಗತಿ ಬರಬಾರದು.

ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದ ನೀರು ಮೊದಲು ಜೊಂಡು ಬೆಳೆದ ಜೌಗು ದಾಟಿ ಆಮೇಲೆ ಕೆರೆ ಸೇರುತ್ತದೆ. ಹೂಳು ಅಲ್ಲೇ ತಳ ಸೇರುತ್ತದೆ, ಗಿಡಗಳು ಸಾರಜನಕ ಮತ್ತು ರಂಜಕವನ್ನು ಹೀರಿಕೊಳ್ಳುತ್ತವೆ. ಅದನ್ನೇ ಸಣ್ಣದಾಗಿ ನಮ್ಮ ಕಾಲುವೆ ಬಾಯಲ್ಲಿ ಮಾಡಬಹುದಾ? ಹೂಳು ನಿಲ್ಲುವ ಗುಂಡಿ ಎಷ್ಟು ಆಳ ಇರಬೇಕು, ಕಸ ತಡೆಯುವ ಜಾಲರಿ ಹಾಕಿದರೆ ಜೋರು ಮಳೆಗೆ ಕಟ್ಟಿಕೊಂಡು ರಸ್ತೆಗೆ ನೀರು ನುಗ್ಗುತ್ತಾ? ನನಗೆ ಅದೇ ದೊಡ್ಡ ಭಯ, ಪಕ್ಕದ ತಗ್ಗಿನಲ್ಲಿ ಬಡವರ ಮನೆಗಳಿವೆ.

ಸುಮ್ನೆ ದೂರು ಕೊಟ್ಟು ಸಾಕಾಗಿದೆ. ಇಂಥ ಕೆಲಸ ಮಾಡಿದ ಎಂಜಿನಿಯರುಗಳು, ಕೆರೆ ಸಮಿತಿಯವರು ಯಾರಾದರೂ ಇದ್ದರೆ ಒಂದು ಭಾನುವಾರ ಬಂದು ಜಾಗ ನೋಡಿ ಹೇಳ್ತೀರಾ? ಅನುಮತಿಗೆ ಅರ್ಜಿ ಬರೆದು ಅನುಭವ ಇರುವವರೂ ದಯವಿಟ್ಟು ಕಾಮೆಂಟ್ ಮಾಡಿ. ಗುಂಡಿ ತೋಡಲು, ಗಿಡ ನೆಡಲು ನಮ್ಮ ಬೀದಿಯವರು ರೆಡಿ ಇದ್ದಾರೆ.