ಫೋಟೋಗೆ ಯಾವ ರಿಫ್ರಾಕ್ಟರ್ ಕೊಳ್ಳಲಿ? ಮೊದಲು ಮೂಲೆಯ ನಕ್ಷತ್ರ ನೋಡಿ

ಪ್ರಶ್ನೆ, ಹಾಸನದಿಂದ:
ನಮಸ್ಕಾರ ಸರ್. ಎರಡು ವರ್ಷದಿಂದ ಕ್ಯಾನನ್ ಕ್ಯಾಮೆರಾ, ಕಿಟ್ ಲೆನ್ಸ್, ಒಂದು ಟ್ರೈಪಾಡ್ ಇಷ್ಟರಲ್ಲೇ ಆಕಾಶಗಂಗೆಯ ಫೋಟೋ ತೆಗೆಯುತ್ತಿದ್ದೇನೆ. ಈಗ ಮಹಾವ್ಯಾಧದ ನೀಹಾರಿಕೆ, ಆಂಡ್ರೊಮೆಡಾ ಗೆಲಾಕ್ಸಿ ಇವನ್ನೆಲ್ಲ ಹತ್ತಿರದಿಂದ ತೆಗೆಯುವ ಆಸೆ. ಟೆಲಿಸ್ಕೋಪನ್ನು ಹೊತ್ತು ಆಕಾಶದ ಜೊತೆ ತಿರುಗಿಸುವ ಮೌಂಟ್ ಸೇರಿ ಎರಡು ಲಕ್ಷ ಕೂಡಿಸಿಟ್ಟಿದ್ದೇನೆ. ಮೂರು ರಿಫ್ರಾಕ್ಟರ್, ಅಂದರೆ ಲೆನ್ಸ್ ಟೆಲಿಸ್ಕೋಪ್, ಕಣ್ಣಲ್ಲಿವೆ. ಒಂದು 102 ಮಿಮೀ ಎಫ್/5 ಆಕ್ರೊಮ್ಯಾಟ್, ಅಗ್ಗ. ಇನ್ನೊಂದು ಸ್ಕೈವಾಚರ್ ಇವೊಸ್ಟಾರ್ 72 ಇಡಿ, ಅಂದರೆ ಬಣ್ಣ ಕಡಿಮೆ ಚದುರಿಸುವ ಗಾಜಿನ 72 ಮಿಮೀ. ಮೂರನೆಯದು 80 ಮಿಮೀ ಟ್ರಿಪ್ಲೆಟ್, ಅದನ್ನು ಕೊಂಡರೆ ಮೌಂಟಿಗೆ ದುಡ್ಡೇ ಉಳಿಯುವುದಿಲ್ಲ. ಬಾಯಿ ದೊಡ್ಡದಿದ್ದಷ್ಟೂ ಒಳ್ಳೆಯದು, 102 ತಗೋ ಅಂತ ಗೆಳೆಯರು ಹೇಳುತ್ತಾರೆ. ನೀವು ಲೆನ್ಸ್ ಕೆಲಸದವರು, ಏನು ಹೇಳುತ್ತೀರಿ?

ಉತ್ತರ:
102 ಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಗಾಜು ನೀಲಿ ಬೆಳಕನ್ನು ಕೆಂಪಿಗಿಂತ ಜಾಸ್ತಿ ಬಗ್ಗಿಸುತ್ತದೆ. ಹಾಗಾಗಿ ಒಂದೇ ಗಾಜಿನ ಲೆನ್ಸ್ ಆದರೆ ಒಂದೊಂದು ಬಣ್ಣ ಒಂದೊಂದು ದೂರದಲ್ಲಿ ಫೋಕಸ್ ಆಗುತ್ತದೆ. ಎರಡು ಬಗೆಯ ಗಾಜು ಜೋಡಿಸಿದರೆ ಎರಡು ಬಣ್ಣಗಳನ್ನು ಒಂದೇ ಕಡೆ ತರಬಹುದು. ಲಂಡನ್ನಿನ ಜಾನ್ ಡೊಲಾಂಡ್ 1758ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು, ಅದೇ ಆಕ್ರೊಮ್ಯಾಟ್. ಆದರೆ ನೇರಳೆ ಹೊರಗೇ ಉಳಿಯುತ್ತದೆ. ಕಣ್ಣು ಅದನ್ನು ಅಷ್ಟಾಗಿ ಗಮನಿಸುವುದಿಲ್ಲ, ಕ್ಯಾಮೆರಾ ಬಿಡುವುದಿಲ್ಲ. ಪ್ರಕಾಶಮಾನ ನಕ್ಷತ್ರಗಳ ಸುತ್ತ ನೀಲಿ-ನೇರಳೆ ಉಬ್ಬು ಬರುತ್ತದೆ. ಹಳೆಯ ಲೆಕ್ಕ ಒಂದಿದೆ: ಬಣ್ಣ ಹಿಡಿತದಲ್ಲಿರಬೇಕಾದರೆ ಲೆನ್ಸ್ ಎಷ್ಟು ಇಂಚು ಇದೆಯೋ ಅದರ ಮೂರು ಪಟ್ಟಾದರೂ ಎಫ್ ಸಂಖ್ಯೆ (ಲೆನ್ಸಿನಿಂದ ಫೋಕಸ್ ಜಾಗಕ್ಕಿರುವ ದೂರ, ಅಂದರೆ ಫೋಕಲ್ ಲೆಂತ್, ಅದನ್ನು ಬಾಯಿಯ ಅಗಲದಿಂದ ಭಾಗಿಸಿದ್ದು) ಇರಬೇಕು. 102 ಮಿಮೀ ಅಂದರೆ ನಾಲ್ಕು ಇಂಚು. ಅದಕ್ಕೆ ಎಫ್/12 ಬೇಕು, ಕೊಳವೆಯೇ 1.2 ಮೀಟರ್ ಆಗುತ್ತದೆ. ನೀವು ನೋಡಿರುವುದು ಎಫ್/5. ಕಣ್ಣಿನಿಂದ ನಕ್ಷತ್ರಗುಚ್ಛ ನೋಡಲು ಅದು ಸೊಗಸಾದ ಟೆಲಿಸ್ಕೋಪ್, ಫೋಟೋಗೆ ತರಬೇಡಿ.

ಇನ್ನು ದೊಡ್ಡ ಬಾಯಿಯ ಮಾತು. ಕಣ್ಣಿನಿಂದ ನೋಡುವವರಿಗೆ ಅದು ನಿಜ. ಫೋಟೋದಲ್ಲಿ ಮೊದಲು ಕೇಳಬೇಕಾದ್ದು ನನ್ನ ಚೌಕಟ್ಟಿನಲ್ಲಿ ಏನು ಹಿಡಿಸುತ್ತದೆ ಅಂತ, ಅದನ್ನು ತೀರ್ಮಾನಿಸುವುದು ಫೋಕಲ್ ಲೆಂತ್. ಆಂಡ್ರೊಮೆಡಾ ಸುಮಾರು ಮೂರು ಡಿಗ್ರಿ ಉದ್ದ ಇದೆ, ಹುಣ್ಣಿಮೆ ಚಂದ್ರ ಆರು ಸಲ ಪಕ್ಕಪಕ್ಕ ಇಟ್ಟಷ್ಟು. ಇವೊಸ್ಟಾರ್ 72ರ ಫೋಕಲ್ ಲೆಂತ್ 420 ಮಿಮೀ. ನಿಮ್ಮ ಕ್ಯಾನನ್ನಿನ 22.3 ಮಿಮೀ ಸೆನ್ಸರ್ ಅದರಲ್ಲಿ ಸರಿಯಾಗಿ ಮೂರು ಡಿಗ್ರಿ ನೋಡುತ್ತದೆ. ಅದೇ 600 ಮಿಮೀ ಆದರೆ ಎರಡು ಡಿಗ್ರಿ ಚಿಲ್ಲರೆ, ಆಂಡ್ರೊಮೆಡಾದ ತುದಿಗಳು ಕತ್ತರಿಸಿಹೋಗುತ್ತವೆ.

ಪಿಕ್ಸೆಲ್ ಲೆಕ್ಕವನ್ನೂ ಮಾಡಿಕೊಳ್ಳಿ. ಪಿಕ್ಸೆಲ್ ಎಷ್ಟು ಮೈಕ್ರಾನ್ ಇದೆಯೋ ಅದನ್ನು 206ರಿಂದ ಗುಣಿಸಿ, ಫೋಕಲ್ ಲೆಂತಿನಿಂದ ಭಾಗಿಸಿ. 3.7 ಮೈಕ್ರಾನ್, 420 ಮಿಮೀ ಆದರೆ ಒಂದು ಪಿಕ್ಸೆಲ್ಲಿಗೆ 1.8 ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಪಾಲು) ಬರುತ್ತದೆ. ನಮ್ಮ ಬಯಲುಸೀಮೆಯ ಗಾಳಿ ಸಾಮಾನ್ಯ ರಾತ್ರಿಗಳಲ್ಲಿ ನಕ್ಷತ್ರವನ್ನು ಎರಡು ಮೂರು ಆರ್ಕ್‌ಸೆಕೆಂಡಿನಷ್ಟು ಕದಡುತ್ತದೆ, ಹಾಗಾಗಿ ಇದಕ್ಕಿಂತ ಸಣ್ಣದಾಗಿ ಹಿಡಿದು ನಿಮಗೆ ಸಿಗುವುದು ಕಡಿಮೆ.

ದುಡ್ಡಿನ ದೊಡ್ಡ ಪಾಲು ಮೌಂಟಿಗೆ ಹಾಕಿ. ಸ್ಕೈವಾಚರಿನ ಎಚ್‌ಇಕ್ಯೂ5 ದರ್ಜೆಯದು ನೋಡಿ, ಕೈ ಬದಲಾಗಿದ್ದರೂ ಪರವಾಗಿಲ್ಲ. ಮೌಂಟ್ ಹೊರುತ್ತದೆ ಅಂತ ಬರೆದಿರುವ ತೂಕದ ಅರ್ಧಕ್ಕೇ ಫೋಟೋದಲ್ಲಿ ನಿಲ್ಲಿಸಿಕೊಂಡರೆ ನೆಮ್ಮದಿ. ಉಳಿದದ್ದರಲ್ಲಿ 72 ಇಡಿ, ಅದಕ್ಕೆ ಹೊಂದುವ ಫ್ಲಾಟ್ನರ್, ಮೌಂಟ್ ಸರಿಯಾಗಿ ತಿರುಗುತ್ತಿದೆಯಾ ಅಂತ ಕಾಯುವ ಸಣ್ಣ ಗೈಡ್ ಕ್ಯಾಮೆರಾ ಬಂದರೆ ನೀವು ಐದು ವರ್ಷ ಬೇರೆ ಕೊಳ್ಳಬೇಕಿಲ್ಲ.

ಪ್ರಶ್ನೆ, ದಾವಣಗೆರೆಯಿಂದ:
ಫ್ಲಾಟ್ನರ್ ಅಂದರೆ ಏನು? ಅದಿಲ್ಲದೆ ಆಗುವುದಿಲ್ಲವಾ? ಎಫ್‌ಪಿಎಲ್-51, ಎಫ್‌ಪಿಎಲ್-53 ಅಂತೆಲ್ಲ ಬರೆದಿರುತ್ತಾರಲ್ಲ, 53 ಇದ್ದರೆ ಕಣ್ಣುಮುಚ್ಚಿ ಕೊಳ್ಳಬಹುದಾ? ಟ್ರಿಪ್ಲೆಟ್ ಅನ್ನೋದಕ್ಕೆ ಅಷ್ಟು ಬೆಲೆ ಯಾಕೆ?

ಉತ್ತರ:
ಗಾಜಿನ ಹೆಸರಿನಿಂದ ಶುರು ಮಾಡುತ್ತೇನೆ, ಜನ ಅದಕ್ಕೇ ಜಾಸ್ತಿ ಬೀಳುತ್ತಾರೆ. ಈ ಹೆಸರುಗಳು ಜಪಾನಿನ ಒಹಾರಾ ಕಂಪನಿಯವು. ಬಣ್ಣ ಎಷ್ಟು ಕಡಿಮೆ ಚದುರುತ್ತದೆ ಅನ್ನುವುದಕ್ಕೆ ಅಬ್ಬೆ ಸಂಖ್ಯೆ ಅಂತ ಒಂದು ಅಳತೆ ಇದೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು. 51ಕ್ಕೆ ಅದು ಸುಮಾರು 81, 53ಕ್ಕೆ ಸುಮಾರು 95. ಹೋಯಾದ ಎಫ್‌ಸಿಡಿ100 ಕೂಡ 95ರ ಹತ್ತಿರ. ಟಕಹಾಶಿಯವರು ಕೆಲವು ಟೆಲಿಸ್ಕೋಪಿನಲ್ಲಿ ಹಾಕುವ ಫ್ಲೋರೈಟ್ ಹರಳೂ ಅಷ್ಟೇ. ಹಾಗಾಗಿ 53 ಮೇಲು ಅನ್ನುವುದು ನಿಜ.

ಆದರೆ ಅದು ಒಂದು ಗಾಜು ಮಾತ್ರ. ಅದರ ಜೊತೆಗಾರ ಗಾಜು ಯಾವುದು, ಮೇಲ್ಮೈ ಎಷ್ಟು ನುಣುಪಾಗಿ ಉಜ್ಜಿದ್ದಾರೆ, ಎರಡರ ನಡುಬಿಂದು ಒಂದೇ ಗೆರೆಯಲ್ಲಿ ಕೂತಿದೆಯಾ, ಇದನ್ನು ಯಾರೂ ಕೊಳವೆಯ ಮೇಲೆ ಬರೆಯುವುದಿಲ್ಲ. ಅಕ್ಕಿ ಸಣ್ಣಕ್ಕಿ ಅಂದ ಮಾತ್ರಕ್ಕೆ ಅನ್ನ ಉದುರುದುರಾಗುತ್ತದಾ? ನನ್ನ ಬೆಂಚಿನ ಮೇಲೆ 53 ಗಾಜಿನ ಲೆನ್ಸ್ ನಡುಬಿಂದು ತಪ್ಪಿ ನಕ್ಷತ್ರಕ್ಕೆ ಬಾಲ ಬರಿಸಿದ್ದನ್ನೂ ಕಂಡಿದ್ದೇನೆ, 51ರ ಲೆನ್ಸ್ ಚೆಂದದ ಚುಕ್ಕೆ ಕೊಟ್ಟಿದ್ದನ್ನೂ ಕಂಡಿದ್ದೇನೆ.

ಟ್ರಿಪ್ಲೆಟ್ ಅಂದರೆ ಮೂರು ಗಾಜು. ಮೂರು ಬಣ್ಣಗಳನ್ನು ಒಂದೇ ಕಡೆ ತರಲು ಸುಲಭ, ಹಾಗಾಗಿ ವೇಗದ, ಅಂದರೆ ಸಣ್ಣ, ಎಫ್ ಸಂಖ್ಯೆಯಲ್ಲೂ ಬಣ್ಣ ಸ್ವಚ್ಛ. ಆರು ಮೇಲ್ಮೈ ಉಜ್ಜಬೇಕು, ಮೂರನ್ನು ಒಂದೇ ಗೆರೆಯಲ್ಲಿ ಕೂರಿಸಬೇಕು, ಬೆಲೆ ಅಲ್ಲಿಂದ ಬರುತ್ತದೆ. ಕೊಳವೆಯ ಮುಂಭಾಗದ ತೂಕವೂ ಜಾಸ್ತಿ, ತಣ್ಣಗಾಗುವುದೂ ನಿಧಾನ. 80 ಮಿಮೀ ಒಳಗೆ, ಎಫ್/6 ಆಸುಪಾಸಿನಲ್ಲಿ, ಒಳ್ಳೆಯ ಡಬ್ಲೆಟ್, ಅಂದರೆ ಎರಡು ಗಾಜಿನದು, ಸಾಕು ಅನ್ನುವವನು ನಾನು. 100 ಮಿಮೀ ಎಫ್/5.5ಕ್ಕೆ ಹೋದರೆ ಮಾತ್ರ ಟ್ರಿಪ್ಲೆಟ್ ಬಿಡಬೇಡಿ.

ಫ್ಲಾಟ್ನರ್ ವಿಷಯ. ಡಬ್ಲೆಟ್ ಇರಲಿ, ಟ್ರಿಪ್ಲೆಟ್ ಇರಲಿ, ಅದು ಚಿತ್ರ ಮೂಡಿಸುವ ಜಾಗ ಸಪಾಟಾಗಿರುವುದಿಲ್ಲ, ಬೋಗುಣಿಯ ಹಾಗೆ ಬಾಗಿರುತ್ತದೆ. ಸೆನ್ಸರ್ ಮಾತ್ರ ಸಪಾಟು. ನಡುವೆ ಫೋಕಸ್ ಮಾಡಿದರೆ ಮೂಲೆಯಲ್ಲಿ ನಕ್ಷತ್ರ ಎಳೆದಂತಾಗುತ್ತದೆ. ಅದನ್ನು ಸಪಾಟು ಮಾಡುವ ಲೆನ್ಸೇ ಫ್ಲಾಟ್ನರ್, ಫೋಟೋಗೆ ಬೇಕೇ ಬೇಕು. ಅದರ ಹಿಂದಿನಿಂದ ಸೆನ್ಸರಿಗೆ ಇಷ್ಟೇ ದೂರ ಇರಬೇಕು ಅಂತ ನಿಯಮವಿದೆ, ಹೆಚ್ಚಿನವಕ್ಕೆ 55 ಮಿಮೀ. ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಸೆನ್ಸರ್ 44 ಮಿಮೀ ಒಳಗಿದೆ, ಕ್ಯಾಮೆರಾ ಸಿಕ್ಕಿಸುವ ಬಳೆ, ಅಂದರೆ ಟಿ-ರಿಂಗ್, 11 ಮಿಮೀ, ತಾನಾಗೇ 55 ಆಗುತ್ತದೆ. ಬೇರೆ ಕ್ಯಾಮೆರಾ ಆದರೆ ದೂರ ಹೊಂದಿಸುವ ಬಳೆ, ಅಂದರೆ ಸ್ಪೇಸರ್, ಹಾಕಿ ಅಳೆಯಬೇಕು. ನಡುವೆ ಫಿಲ್ಟರ್ ಬಂದರೆ ಅದರ ದಪ್ಪದ ಮೂರನೇ ಒಂದು ಪಾಲು ದೂರ ಹೆಚ್ಚಿಸಿ.

ಈ ಲೆಕ್ಕದ ತಲೆನೋವೇ ಬೇಡ ಅನ್ನುವವರಿಗೆ ಪೆಟ್ಜ್‌ವಾಲ್ ಬಗೆಯವು ಇವೆ. ಸಪಾಟು ಮಾಡುವ ಗಾಜು ಕೊಳವೆಯ ಒಳಗೇ ಇರುತ್ತದೆ. ವಿಲಿಯಂ ಆಪ್ಟಿಕ್ಸ್‌ನ ರೆಡ್‌ಕ್ಯಾಟ್ 51, 250 ಮಿಮೀ ಎಫ್/4.9, ಅಂಥದ್ದು. ಆಸ್ಕರ್ ಎಫ್‌ಆರ್‌ಎ400 ಐದು ಗಾಜಿನದು, 72 ಮಿಮೀ, ಎಫ್/5.6. ಟಕಹಾಶಿಯ ಎಫ್‌ಎಸ್‌ಕ್ಯೂ-106 ಈ ಸಾಲಿನ ದೊಡ್ಡಣ್ಣ. ಕ್ಯಾಮೆರಾ ಸಿಕ್ಕಿಸಿ, ಫೋಕಸ್ ಮಾಡಿ, ಆಯಿತು. ಒಂದು ತೊಂದರೆ ಇದೆ, ಒಳಗಿನ ಜೋಡಣೆ ಕದಲಿದರೆ ಮನೆಯಲ್ಲಿ ಕೈ ಹಾಕಲಾಗುವುದಿಲ್ಲ.

ಪ್ರಶ್ನೆ, ಬೆಂಗಳೂರಿನಿಂದ:
ನಾನು ಬನಶಂಕರಿಯಲ್ಲಿದ್ದೇನೆ, ತಾರಸಿಯಿಂದ ಐವತ್ತು ನಕ್ಷತ್ರ ಎಣಿಸಿದರೆ ಹೆಚ್ಚು. ಒಳ್ಳೆಯ ರಿಫ್ರಾಕ್ಟರಿಗೆ ದುಡ್ಡು ಹಾಕುವುದು ದಂಡವಾ?

ಉತ್ತರ:
ದಂಡ ಅಲ್ಲ, ಗುರಿ ಆರಿಸಿಕೊಳ್ಳಬೇಕು ಅಷ್ಟೇ. ಮಹಾವ್ಯಾಧ, ರೋಸೆಟ್‌ನಂಥ ನೀಹಾರಿಕೆಗಳು ಕೆಲವೇ ತರಂಗಗಳಲ್ಲಿ ಹೊಳೆಯುತ್ತವೆ, ಹೈಡ್ರೋಜನ್ನಿನ ಕೆಂಪು 656 ನ್ಯಾನೋಮೀಟರ್, ಆಮ್ಲಜನಕದ ಹಸಿರು-ನೀಲಿ 501. ಎರಡನ್ನೇ ಬಿಡುವ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಹಾಕಿದರೆ ಬೀದಿದೀಪದ ಬಹುಪಾಲು ನಿಂತುಹೋಗುತ್ತದೆ. ಆದರೆ ಮಾಮೂಲಿ ಡಿಎಸ್‌ಎಲ್‌ಆರ್ ಒಳಗಿನ ಫಿಲ್ಟರ್ ಆ 656ರ ಹೆಚ್ಚಿನ ಪಾಲನ್ನು ತಾನೇ ತಡೆಯುತ್ತದೆ, ಅದನ್ನು ತೆಗೆಸಿದ ಕ್ಯಾಮೆರಾ ಅಥವಾ ಖಗೋಳ ಕ್ಯಾಮೆರಾ ಬೇಕು. ಗೆಲಾಕ್ಸಿಗಳ ಬೆಳಕು ಎಲ್ಲ ಬಣ್ಣದ್ದು, ಫಿಲ್ಟರ್ ಸಹಾಯಕ್ಕೆ ಬರುವುದಿಲ್ಲ. ಅವಕ್ಕೆ ಡಿಸೆಂಬರಿನಿಂದ ಮಾರ್ಚ್ ಒಳಗೆ ಕೊಡಗಿನ ಕಡೆಗೋ ಚಿಕ್ಕಮಗಳೂರಿನ ಕಡೆಗೋ ಗಾಡಿ ಹತ್ತಿಸಿ. ಸಣ್ಣ ರಿಫ್ರಾಕ್ಟರಿನ ನಿಜವಾದ ಸುಖ ಅಲ್ಲಿದೆ, ಒಂದು ಬ್ಯಾಗಿನಲ್ಲಿ ಹೋಗುತ್ತದೆ.

ಪ್ರಶ್ನೆ, ಮಂಗಳೂರಿನಿಂದ:
ಮಳೆಗಾಲದಲ್ಲಿ ಇಡುವುದು ಹೇಗೆ? ಹಳೆಯ ಕ್ಯಾಮೆರಾ ಲೆನ್ಸಿಗೆ ಬೂಷ್ಟು ಹತ್ತಿತ್ತು.

ಉತ್ತರ:
ಕರಾವಳಿಯಲ್ಲಿ ಇದು ದೊಡ್ಡ ಚಿಂತೆಯೇ. ಫೋಮ್ ತುಂಬಿದ ಪೆಟ್ಟಿಗೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮುಚ್ಚಿಡಬೇಡಿ, ಫೋಮ್ ತೇವ ಹಿಡಿಯುತ್ತದೆ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಅಗ್ಗದ ತೇವಮಾಪಕ. 40ರಿಂದ 50 ಶೇಕಡಾ ನಡುವೆ ಇರಲಿ. ಇಬ್ಬನಿ ಬಿದ್ದ ರಾತ್ರಿ ಮುಗಿಸಿ ಬಂದಾಗ ಒದ್ದೆ ಲೆನ್ಸಿಗೆ ಮುಚ್ಚಳ ಹಾಕಬೇಡಿ. ಒಣಗಿದ ಮೇಲೆ ಹಾಕಿ. ಒರೆಸಲೂ ಬೇಡಿ.

ಪ್ರಶ್ನೆ, ಕ್ಯಾಲ್ಗರಿಯಿಂದ:
ಊರು ಶಿವಮೊಗ್ಗ, ಈಗ ಕೆನಡಾದಲ್ಲಿದ್ದೇನೆ. ನನ್ನ ಟ್ರಿಪ್ಲೆಟ್ ಬೇಸಿಗೆಯಲ್ಲಿ ಚೆನ್ನಾಗಿತ್ತು. ಮೈನಸ್ 20ರಲ್ಲಿ ನಕ್ಷತ್ರಗಳು ಮೂರು ಮೂಲೆಯಾಗಿ ಬರುತ್ತಿವೆ. ಕೆಟ್ಟುಹೋಯಿತಾ?

ಉತ್ತರ:
ಕೆಟ್ಟಿರುವ ಸಾಧ್ಯತೆ ಕಡಿಮೆ. ಲೆನ್ಸ್ ಹಿಡಿದಿರುವ ಲೋಹದ ಬಳೆ ಚಳಿಗೆ ಗಾಜಿಗಿಂತ ಜಾಸ್ತಿ ಕುಗ್ಗುತ್ತದೆ, ಮೂರು ಕಡೆಯಿಂದ ಗಾಜನ್ನು ಹಿಂಡುತ್ತದೆ. ಲೆನ್ಸ್ ಸುತ್ತ ಇಬ್ಬನಿ ಹೀಟರ್ ಪಟ್ಟಿ ಹಾಕಿ ಮೆಲ್ಲಗೆ ಬಿಸಿ ಇಟ್ಟು ನೋಡಿ. ಆಗಲೂ ಹಾಗೇ ಇದ್ದರೆ ತಯಾರಕರಿಗೆ ಕಳಿಸಿ, ತಿರುಪುಗಳನ್ನು ನೀವು ಸಡಿಲಿಸಬೇಡಿ. ಅಲ್ಲಿ ನಿಮಗೆ ಸಿಗದ ಒಮೆಗಾ ಸೆಂಟಾರಿ ಗುಚ್ಛ ಶಿವಮೊಗ್ಗದಲ್ಲಿ ದಕ್ಷಿಣಕ್ಕೆ 28 ಡಿಗ್ರಿ ಏರುತ್ತದೆ. ಏಪ್ರಿಲ್‌ನಲ್ಲಿ ಊರಿಗೆ ಬಂದರೆ ಸಣ್ಣ ಕೊಳವೆ ತನ್ನಿ.

ಪ್ರಶ್ನೆ, ಹಾಸನದವರೇ ಮತ್ತೆ:
72 ಇಡಿ, ಫ್ಲಾಟ್ನರ್ ಎರಡಕ್ಕೂ ಹೇಳಿಬಿಟ್ಟಿದ್ದೇನೆ, ಮುಂದಿನ ವಾರ ಬರುತ್ತದೆ. ಮೌಂಟ್ ಮೈಸೂರಿನಲ್ಲಿ ಕೈ ಬದಲಾದದ್ದು ಸಿಕ್ಕಿದೆ. ಬಂದ ರಾತ್ರಿ ಏನೇನು ನೋಡಬೇಕು? ಹಿಂದಿರುಗಿಸಲು ಏಳು ದಿನ ಕೊಟ್ಟಿದ್ದಾರೆ.

ಉತ್ತರ:
ಒಳ್ಳೆಯ ಸುದ್ದಿ. ಏಳು ದಿನದಲ್ಲಿ ಒಂದು ರಾತ್ರಿಯಾದರೂ ಮೋಡ ಸರಿಯಲಿ.

ಹಗಲಲ್ಲೇ ಫೋಕಸರ್, ಅಂದರೆ ಫೋಕಸ್ ಮಾಡಲು ಒಳಹೊರಗೆ ಸರಿಯುವ ಭಾಗ, ನೋಡಿ. ಕ್ಯಾಮೆರಾ ಸಿಕ್ಕಿಸಿ ಕೊಳವೆಯನ್ನು ಆಕಾಶಕ್ಕೆ ನೆಟ್ಟಗೆ ಎತ್ತಿ, ಭಾರಕ್ಕೆ ಜಾರುತ್ತದಾ? ಎಫ್/5ರಲ್ಲಿ ಫೋಕಸ್ ಸರಿಯಿರುವ ಜಾಗ ಸುಮಾರು 67 ಮೈಕ್ರಾನ್, ಒಂದು ತಲೆಗೂದಲಿನ ದಪ್ಪ. ನಿಮ್ಮ ಎಫ್/5.8ರಲ್ಲಿ ಇನ್ನೊಂದಿಷ್ಟು ಸಲೀಸು, 90ರ ಹತ್ತಿರ. ಜಾರುವ ಫೋಕಸರ್ ಇದ್ದರೆ ಎಷ್ಟು ಒಳ್ಳೆಯ ಗಾಜಿದ್ದರೂ ಏನು ಬಂತು? ಫೋಕಸ್ ರಾತ್ರಿಯಲ್ಲೂ ನಿಲ್ಲುವುದಿಲ್ಲ. 400 ಮಿಮೀ ಅಲ್ಯೂಮಿನಿಯಂ ಕೊಳವೆ ಐದು ಡಿಗ್ರಿ ತಣ್ಣಗಾದರೆ 46 ಮೈಕ್ರಾನ್ ಕುಗ್ಗುತ್ತದೆ. ಗಂಟೆಗೊಮ್ಮೆ ಫೋಕಸ್ ನೋಡಿಕೊಳ್ಳಿ.

ರಾತ್ರಿ ಕೊಳವೆಯನ್ನು ಅರ್ಧ ಗಂಟೆ ಹೊರಗಿಡಿ. ನೆತ್ತಿಯ ಹತ್ತಿರದ ಒಂದು ಪ್ರಕಾಶಮಾನ ನಕ್ಷತ್ರಕ್ಕೆ ಹಿಡಿದು ಫೋಕಸಿನಿಂದ ಸ್ವಲ್ಪ ಒಳಗೆ, ಸ್ವಲ್ಪ ಹೊರಗೆ ತನ್ನಿ. ಉಂಗುರಗಳು ದುಂಡಗೆ, ಒಂದರ ನಡುವೆ ಒಂದು ಇರಬೇಕು. ಒಂದು ಕಡೆಗೆ ಸರಿದಿದ್ದರೆ ನಡುಬಿಂದು ತಪ್ಪಿದೆ. ಒಳಗೆ ಒಂದು ದಿಕ್ಕಿಗೆ ಮೊಟ್ಟೆಯಾಕಾರ, ಹೊರಗೆ ಅಡ್ಡ ದಿಕ್ಕಿಗೆ ಮೊಟ್ಟೆಯಾಕಾರ ಬಂದರೆ ಗಾಜಿನ ಆಕಾರದಲ್ಲೇ ದೋಷ. ಇವೆರಡರಲ್ಲಿ ಯಾವುದು ಕಂಡರೂ ವಾಪಸ್ ಕಳಿಸಿ.

ಆಮೇಲೆ ನಕ್ಷತ್ರ ತುಂಬಿರುವ ಜಾಗಕ್ಕೆ ತಿರುಗಿಸಿ 30 ಸೆಕೆಂಡಿನ ಹತ್ತು ಫೋಟೋ ತೆಗೆಯಿರಿ. ನಾಲ್ಕು ಮೂಲೆಗಳನ್ನೂ ಹಿಗ್ಗಿಸಿ ನೋಡಿ. ಅಂಗಡಿಯವರು ತೋರಿಸುವುದು ಯಾವಾಗಲೂ ನಡುಭಾಗವನ್ನು, ಲೆನ್ಸಿನ ನಿಜರೂಪ ಬಯಲಾಗುವುದು ಮೂಲೆಯಲ್ಲಿ. ನಾಲ್ಕೂ ಮೂಲೆಯಲ್ಲಿ ನಕ್ಷತ್ರ ನಡುವಿನಿಂದ ಹೊರಕ್ಕೆ ಎಳೆದಂತಿದ್ದರೆ ಸಾಮಾನ್ಯವಾಗಿ ಸೆನ್ಸರ್ ಹತ್ತಿರವಾಯಿತು ಅಂತ. ನಡುವನ್ನು ಸುತ್ತಿದ ಹಾಗಿದ್ದರೆ ದೂರವಾಯಿತು. ಒಂದು ಮಿಮೀ ಬದಲಿಸಿ ಮತ್ತೆ ನೋಡಿದರೆ ಖಾತ್ರಿಯಾಗುತ್ತದೆ.

ಒಂದೇ ಮೂಲೆ ಕೆಟ್ಟಿದ್ದರೆ ಯಾವುದೋ ಓರೆಯಾಗಿದೆ. ಕ್ಯಾಮೆರಾವನ್ನು 90 ಡಿಗ್ರಿ ತಿರುಗಿಸಿ ಇನ್ನೊಂದು ಫೋಟೋ ತೆಗೆಯಿರಿ. ಕೆಟ್ಟ ಮೂಲೆ ಫೋಟೋದಲ್ಲಿ ಅದೇ ಜಾಗದಲ್ಲಿದ್ದರೆ ತಪ್ಪು ಕ್ಯಾಮೆರಾ ಕಡೆಯದು, ಬೇರೆ ಮೂಲೆಗೆ ಹೋದರೆ ಟೆಲಿಸ್ಕೋಪಿನದು. ನನ್ನ ಸ್ವಂತ ಮೊದಲ ರಿಫ್ರಾಕ್ಟರಿನಲ್ಲಿ ಇದನ್ನು ಪತ್ತೆ ಮಾಡಲು ಒಂದಿಡೀ ಚಳಿಗಾಲ ಹಿಡಿಯಿತು, ಮೂರು ತಿಂಗಳ ಫೋಟೋಗಳೆಲ್ಲ ಎಡಗಡೆ ಮೇಲೆ ಮಸುಕು, ಕೊನೆಗೆ ನೋಡಿದರೆ ಫೋಕಸರನ್ನು ಕೊಳವೆಗೆ ಬಿಗಿಯುವ ಒಂದು ತಿರುಪು ಸಡಿಲ. ಆಗ ಯಾರಾದರೂ ಹೇಳಿದ್ದರೆ ಅಂತ ಈಗಲೂ ಅನಿಸುತ್ತದೆ.

ಮೌಂಟಿನ ಬಗ್ಗೆ ಒಂದು ಮಾತು. ಹಾಸನದಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 13 ಡಿಗ್ರಿ ಮಾತ್ರ ಮೇಲಿರುತ್ತದೆ, ಎದುರಿನ ತೆಂಗಿನ ಮರವೇ ಸಾಕು ಮುಚ್ಚಲು. ಮೌಂಟನ್ನು ಅಷ್ಟು ತಗ್ಗಿಸಿದಾಗ ಎದುರುತೂಕದ ಸಲಾಕೆ ಟ್ರೈಪಾಡ್ ಕಾಲಿಗೆ ತಗಲುತ್ತದಾ ಅಂತ ಮೈಸೂರಿನಲ್ಲೇ ನಿಲ್ಲಿಸಿ ನೋಡಿ, ಆಮೇಲೆ ದುಡ್ಡು ಕೊಡಿ. ಮರ ಅಡ್ಡ ಇದ್ದರೆ ಚಿಂತೆಯಿಲ್ಲ, ನೀನಾ ತಂತ್ರಾಂಶದಲ್ಲಿ ಮೂರು ಫೋಟೋ ತೆಗೆದು ಧ್ರುವಕ್ಕೆ ಹೊಂದಿಸುವ ಸೌಲಭ್ಯವಿದೆ, ಧ್ರುವ ನಕ್ಷತ್ರ ಕಾಣಲೇಬೇಕಿಲ್ಲ.

ಪ್ರಶ್ನೆ, ಧಾರವಾಡದಿಂದ:
72 ಮಿಮೀ, 100 ಮಿಮೀ ಇಟ್ಟುಕೊಂಡು ಹೊಸದೇನಾದರೂ ಸಿಗುತ್ತದಾ, ಅಥವಾ ಈಗಾಗಲೇ ಇರುವ ಫೋಟೋವನ್ನೇ ನಾವೂ ತೆಗೆಯುವುದಾ?

ಉತ್ತರ:
ಸಿಕ್ಕಿದೆ. 2022ರಲ್ಲಿ ಫ್ರಾನ್ಸಿನ ಯಾನ್ ಸೆಂಟಿ ಅನ್ನುವ ಹವ್ಯಾಸಿ 106 ಮಿಮೀ ಟಕಹಾಶಿ ರಿಫ್ರಾಕ್ಟರಿನಿಂದ ಆಂಡ್ರೊಮೆಡಾವನ್ನು ಆಮ್ಲಜನಕದ ಫಿಲ್ಟರಿನಲ್ಲಿ ಅನೇಕ ರಾತ್ರಿ ತೆಗೆದರು. ಮಾರ್ಸೆಲ್ ಡ್ರೆಕ್ಸ್ಲರ್, ಕ್ಸೇವಿಯರ್ ಸ್ಟ್ರಾಟ್ನರ್ ಜೊತೆ ಸೇರಿ ನೋಡಿದಾಗ ಗೆಲಾಕ್ಸಿಯ ಪಕ್ಕದಲ್ಲಿ ದೊಡ್ಡದೊಂದು ನೀಲಿ ಕಮಾನು. ಅಷ್ಟು ಫೋಟೋ ತೆಗೆಸಿಕೊಂಡ ಆಂಡ್ರೊಮೆಡಾದ ಪಕ್ಕದಲ್ಲಿ ಅದನ್ನು ಯಾರೂ ಕಂಡಿರಲಿಲ್ಲ! 2023ರ ಜನವರಿಯಲ್ಲಿ ಅದು ಪ್ರಕಟವಾಯಿತು. ದೊಡ್ಡ ಟೆಲಿಸ್ಕೋಪುಗಳು ಅಷ್ಟು ಅಗಲ ಜಾಗವನ್ನು ಒಂದೇ ಸಲ ನೋಡುವುದಿಲ್ಲ.

ಹಾಸನದವರೇ, ಮೊದಲ ರಾತ್ರಿಯ ಒಂದು ಕಚ್ಚಾ ಫೋಟೋ ಇಲ್ಲೇ ಹಾಕಿ. ಕತ್ತರಿಸಬೇಡಿ, ತಿದ್ದಬೇಡಿ. ಮೂಲೆಗಳನ್ನು ನೋಡಿ ಸ್ಪೇಸರ್ ಬೇಕಾ ಅಂತ ಅವತ್ತೇ ಹೇಳುತ್ತೇನೆ.